ಒಂದರ ಮಗ್ಗುಲಲ್ಲಿ ಒಂದೇ

ತಿಕೋಟಾ, ಬಬಲೇಶ್ವರ ಸೀಮೆಯ ದ್ರಾಕ್ಷಿ ಪಡಗಳಲ್ಲಿ ಅಕ್ಟೋಬರ್ ಚಾಟ್ನಿ ಮುಗಿದ ಕೆಲವೇ ದಿನಕ್ಕೆ ಕಣ್ಣು ಒಡೆದು ಚಿಗುರು ಹೊರಡುತ್ತದೆ. ಕತ್ತರಿಸಿ ಬದುವಿಗೆ ಎಸೆದ ಕಾಡಿಯ ಹಸಿರೆಲೆಗೆ ಆಡು ಬಾಯಿ ಹಾಕುತ್ತದೆ. ಬಳ್ಳಿಯ ಚಿಗುರಿನ ತುದಿಯಲ್ಲಿ, ಆ ಎಲೆ ಅರಗುವ ಆಡಿನ ಕರುಳಿನ ಒಳಪದರದಲ್ಲಿ, ಎರಡೂ ಕಡೆ ಅದೇ ಹೊತ್ತಿಗೆ ಒಂದು ಜೀವಕೋಶ ಎರಡಾಗುತ್ತಿರುತ್ತದೆ. ಬಳ್ಳಿಯ ಕೋಶ 38 ವರ್ಣತಂತುಗಳನ್ನು ನಕಲು ಮಾಡಿ ಸರಿಪಾಲು ಹಂಚಬೇಕು, ಆಡಿನ ಕೋಶ 60ನ್ನು. ಕೆಲಸ ಒಂದೇ ಬಗೆಯದು. ಆದರೆ ದ್ರಾಕ್ಷಿಯ ಕೋಶದಲ್ಲಿ ಎಲ್ಲಿ ಹುಡುಕಿದರೂ ಸಿಗದ ಒಂದು ಸಾಮಾನು ಆಡಿನ ಕೋಶದಲ್ಲಿ, ನಮ್ಮ ನಿಮ್ಮ ಕೋಶದಲ್ಲಿ ಇದೆ. ಅದರ ಹೆಸರು ಸೆಂಟ್ರಿಯೋಲ್. ಆಗತಾನೆ ಹುಟ್ಟಿದ ಪ್ರಾಣಿಕೋಶದಲ್ಲಿ ಅವು ಎರಡು ಇರುತ್ತವೆ. ಕೋಶ ಮತ್ತೆ ಸೀಳುವ ಮುನ್ನ ನಾಲ್ಕಾಗುತ್ತವೆ, ಸೀಳಿದ ಮೇಲೆ ಮಗಳುಕೋಶಕ್ಕೆ ಎರಡೆರಡು ಹೋಗುತ್ತವೆ. ಮೂರೂ ಆಗಬಾರದು, ಐದೂ ಆಗಬಾರದು. ಎಣಿಕೆ ಬಾರದ ಕೋಶ ಈ ಲೆಕ್ಕವನ್ನು ಜೀವಮಾನವಿಡೀ, ಕೋಟಿ ಕೋಟಿ ಸಲ ತಪ್ಪದೆ ನಡೆಸುವುದು ಹೇಗೆ? ಕಳೆದ ಎರಡು ದಶಕಗಳಲ್ಲಿ ಸಿಕ್ಕ ಸಾಕ್ಷ್ಯಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವ ಉತ್ತರ ಇದು: ಕಟ್ಟುವ ಕೆಲಸ ಶುರು ಮಾಡುವ ಪ್ರೋಟೀನನ್ನು ಬೇಗಬೇಗ ಅಳಿಸಿಹಾಕುವುದರಲ್ಲೇ ಈ ಲೆಕ್ಕದ ಗುಟ್ಟು ಇದೆ. ಈ ಮಾತಿಗೆ ಅತ್ಯಂತ ಬಲವಾದ ಆಧಾರಗಳಲ್ಲೊಂದು ನಮ್ಮ ಬೆಂಗಳೂರಿನಿಂದಲೇ ಬಂದಿದೆ.

ಸೆಂಟ್ರಿಯೋಲ್ ಎಂದರೆ ಒಂದು ಕಿರುಕೊಳವೆ. ಅಡ್ಡಗಲ ಮಿಲಿಮೀಟರಿನ ನಾಲ್ಕು ಸಾವಿರದಲ್ಲೊಂದು ಪಾಲು, ಉದ್ದ ಸುಮಾರು ಅದರ ಎರಡರಷ್ಟು. ತಲೆಗೂದಲೊಂದರ ಅಡ್ಡಗಲದಲ್ಲಿ ಇಂಥವು ಮುನ್ನೂರರಷ್ಟು ಸಾಲಾಗಿ ಕೂಡಬಹುದು. ಕೊಳವೆಯ ಗೋಡೆ ಒಂಬತ್ತು ಕಟ್ಟುಗಳಿಂದ ಆಗಿದೆ, ಒಂದೊಂದು ಕಟ್ಟಿನಲ್ಲಿ ಮೂರು ಸೂಕ್ಷ್ಮನಳಿಕೆಗಳು. ಈ ಒಂಬತ್ತು ವಿಶೇಷವಾದದ್ದು. 1656ರಲ್ಲಿ ಮುಗಿದ ಗೋಲಗುಮ್ಮಟದ ಒಳಗೆ ನಿಂತು ಕತ್ತೆತ್ತಿದರೆ, ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿ ಇಟ್ಟ ಹಾಗೆ ಕಮಾನುಗಳು ಹೆಣೆದುಕೊಂಡು ಎಂಟು ಮೂಲೆಯಾಗಿ, ಆ ಎಂಟರ ಮೇಲೆ ದುಂಡು ಗುಮ್ಮಟ ಕೂತಿರುವುದು ಕಾಣುತ್ತದೆ. ಚೌಕ ಗೊತ್ತಿದ್ದ ಕಟ್ಟಡಗಾರನಿಗೆ ಎಂಟು ಸಹಜವಾಗಿ ಒದಗುತ್ತದೆ. ಒಂಬತ್ತು ಹಾಗೆ ಒದಗುವುದಿಲ್ಲ. ಕೋಶ ಅದನ್ನು ಇಟ್ಟಿಗೆಯ ಆಕಾರದಲ್ಲೇ ಬಚ್ಚಿಟ್ಟಿದೆ. ಸ್ಯಾಸ್-6 ಎಂಬ ಪ್ರೋಟೀನು ಜೋಡಿಜೋಡಿಯಾಗಿ ಇರುತ್ತದೆ. ಒಂದು ಜೋಡಿಯ ತಲೆ ಪಕ್ಕದ ಜೋಡಿಯ ತಲೆಗೆ ಸುಮಾರು 40 ಡಿಗ್ರಿ ಕೋನದಲ್ಲಿ ಕಚ್ಚಿಕೊಳ್ಳುತ್ತದೆ. ಹೀಗೆ ಕಚ್ಚುತ್ತ ಹೋದರೆ ಒಂಬತ್ತನೆಯದು ಮೊದಲನೆಯದನ್ನು ಬಂದು ಮುಟ್ಟುತ್ತದೆ, ಸುತ್ತು ಮುಗಿಯುತ್ತದೆ. ಬಾಲಗಳು ಹೊರಕ್ಕೆ ಚಾಚಿಕೊಂಡು, ಚಕ್ಕಡಿಯ ಗಾಲಿಯಲ್ಲಿ ನಡುವಿನ ಗುಂಬದಿಂದ ಅಂಚಿನವರೆಗೆ ಬಡಿದ ಕಟ್ಟಿಗೆಯ ಹಾಗೆ ಕಾಣುತ್ತವೆ. 2011ರಲ್ಲಿ ಎರಡು ತಂಡಗಳು ಈ ರಚನೆಯನ್ನು ಬಿಡಿಸಿ ತೋರಿಸಿದವು. ಈ ಗಾಲಿಯ ಸುತ್ತಲೇ ಹೊಸ ಸೆಂಟ್ರಿಯೋಲ್ ಬೆಳೆಯುತ್ತದೆ.

ಎರಡು ಎಂಬ ಲೆಕ್ಕ ಏಕೆ ಮುಖ್ಯ ಎಂಬುದನ್ನು ಜರ್ಮನಿಯ ಥಿಯೋಡರ್ ಬೊವೇರಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಂಡಿದ್ದ. ಕೋಶ ಸೀಳುವಾಗ ಸೆಂಟ್ರಿಯೋಲ್‌ಗಳ ಒಂದೊಂದು ಜೋಡಿ ಒಂದೊಂದು ಧ್ರುವಕ್ಕೆ ಸರಿಯುತ್ತದೆ. ನಡುವೆ ಎಳೆಗಳ ಕದಿರು ಹುಟ್ಟುತ್ತದೆ, ಆ ಎಳೆಗಳು ವರ್ಣತಂತುಗಳನ್ನು ಆಚೆ ಈಚೆ ಜಗ್ಗುತ್ತವೆ. ಎರಡು ವೀರ್ಯಾಣು ಒಟ್ಟಿಗೆ ಹೊಕ್ಕ ಕಡಲ ಮುಳ್ಳುಚೆಂಡಿನ ಮೊಟ್ಟೆಯಲ್ಲಿ ಧ್ರುವಗಳು ಎರಡರ ಬದಲು ಮೂರೋ ನಾಲ್ಕೋ ಆಗುವುದನ್ನೂ, ವರ್ಣತಂತುಗಳು ದಿಕ್ಕಾಪಾಲಾಗಿ ಹಂಚಿಹೋಗುವುದನ್ನೂ, ಅಂಥ ಭ್ರೂಣಗಳು ಕೆಡುವುದನ್ನೂ ಆತ ನೋಡಿದ. ಗಡ್ಡೆಗಳ ಹುಟ್ಟಿಗೆ ಇದೇ ಬಗೆಯ ತಪ್ಪು ಹಂಚಿಕೆ ಕಾರಣವಿರಬಹುದೆಂದು 1914ರ ತನ್ನ ಪುಸ್ತಕದಲ್ಲಿ ವಾದಿಸಿದ. ಸೆಂಟ್ರಿಯೋಲ್‌ಗೆ ಇನ್ನೊಂದು ಕೆಲಸವೂ ಇದೆ. ಸೀಳದೆ ನೆಲೆನಿಂತ ಕೋಶದಲ್ಲಿ ಅದು ಹೊರಪೊರೆಯ ಅಡಿಗೆ ಹೋಗಿ ಕೂತು ಲೋಮಾಂಗವೆಂಬ ಕಿರುಗೂದಲಿಗೆ ಬೇರಾಗುತ್ತದೆ. ವೀರ್ಯಾಣುವಿನ ಬಾಲವೂ ಅಲ್ಲಿಂದಲೇ ಹೊರಡುತ್ತದೆ.

ಈಗ ಲೆಕ್ಕದ ವಿಷಯ. ಅದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ: ಒಂದು ಸುತ್ತಿನಲ್ಲಿ ಒಂದೇ ಸಲ ನಕಲಾಗುವುದು ಹೇಗೆ, ಮತ್ತು ಆ ಒಂದು ಸಲದಲ್ಲಿ ತಾಯಿ ಸೆಂಟ್ರಿಯೋಲಿನ ಮಗ್ಗುಲಲ್ಲಿ ಒಂದೇ ಮರಿ ಹುಟ್ಟುವುದು ಹೇಗೆ. ಮೊದಲನೆಯದಕ್ಕೆ ಉತ್ತರ ಕೊಟ್ಟದ್ದು ಎರಡು ಕೋಶಗಳನ್ನು ಬೆಸೆಯುವ ಪ್ರಯೋಗ. 1970ರಲ್ಲಿ ಪೋತು ರಾವ್ ಮತ್ತು ರಾಬರ್ಟ್ ಜಾನ್ಸನ್ ಇದೇ ಬೆಸುಗೆಯಿಂದ ಡಿಎನ್‌ಎ ನಕಲಿನ ನಿಯಮ ತಿಳಿದಿದ್ದರು. 2003ರಲ್ಲಿ ಸ್ಟ್ಯಾನ್‌ಫರ್ಡ್‌ನ ವಾಂಗ್ ಮತ್ತು ಸ್ಟರ್ನ್ಸ್ ಸೆಂಟ್ರಿಯೋಲ್‌ಗಳ ಮೇಲೆ ಅದನ್ನು ಹೂಡಿದರು. ಆಗಲೇ ನಕಲು ಮುಗಿಸಿದ ಕೋಶವನ್ನು ಇನ್ನೂ ನಕಲು ಮಾಡಬೇಕಿದ್ದ ಕೋಶದೊಂದಿಗೆ ಬೆಸೆದರು. ಇಬ್ಬರಿಗೂ ಒಂದೇ ಮನೆ, ಒಂದೇ ಒಲೆ ಎಂಬಂತಾಯಿತು. ಆದರೂ ನಕಲಾಗದ ಸೆಂಟ್ರಿಯೋಲ್‌ಗಳು ಮಾತ್ರ ನಕಲಾದವು. ಆಗಲೇ ಆದವು ಮತ್ತೆ ಆಗಲಿಲ್ಲ. ಅಂದರೆ ತಡೆ ಕೋಶದ ರಸದಲ್ಲಿ ಇರಲಿಲ್ಲ, ಆಯಾ ಜೋಡಿಯಲ್ಲೇ ಇತ್ತು. ಮೂರು ವರ್ಷದ ನಂತರ ಆ ತಡೆ ಯಾವುದೆಂದು ತಿಳಿಯಿತು: ಮರಿ ಸೆಂಟ್ರಿಯೋಲ್ ತಾಯಿಯ ಮಗ್ಗುಲಿಗೆ ಲಂಬವಾಗಿ ಅಂಟಿಕೊಂಡಿರುವಷ್ಟು ಕಾಲ ತಾಯಿ ಇನ್ನೊಂದು ಮರಿ ಹಾಕುವುದಿಲ್ಲ. ಈ ಅಂಟು ಬಿಡುವುದು ಕೋಶ ಸೀಳಿ ಮುಗಿಯುವ ಹೊತ್ತಿಗೆ. ಬಿಡಿಸುವ ಕೆಲಸದಲ್ಲಿ ಸೆಪರೇಸ್ ಎಂಬ ಕಿಣ್ವದ ಕೈಯಿದೆ. ಜೋಡಿ ವರ್ಣತಂತುಗಳನ್ನು ಬೇರೆ ಮಾಡುವುದೂ ಅದೇ ಕಿಣ್ವ. ಆಸ್ತಿ ಪಾಲಾಗುವುದು, ಮುಂದಿನ ಸುತ್ತಿಗೆ ಅನುಮತಿ ಸಿಗುವುದು, ಎರಡೂ ಒಂದೇ ಕೈಯಿಂದ ನಡೆಯುವಂತೆ ಹೊಂದಿಸಿದ್ದರಿಂದ ಒಂದು ಇನ್ನೊಂದನ್ನು ಬಿಟ್ಟು ಮುಂದೋಡಲು ಆಗುವುದಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ. ತಾಯಿ ಸೆಂಟ್ರಿಯೋಲ್ ದುಂಡಗಿದೆ, ಅದರ ಸುತ್ತ ಒಂಬತ್ತೂ ಕಡೆ ಒಂದೇ ಬಗೆಯ ಗೋಡೆ. ಮರಿ ಎಲ್ಲಿ ಬೇಕಾದರೂ ಹುಟ್ಟಬಹುದು, ನಾಲ್ಕು ಕಡೆ ನಾಲ್ಕೂ ಹುಟ್ಟಬಹುದು. ಹಾಗೆ ಆಗುವುದುಂಟೆಂದು 2005ರಲ್ಲಿ ಗೊತ್ತಾಯಿತು. ಆ ವರ್ಷ ಕೇಂಬ್ರಿಜ್‌ನ ಮತ್ತು ಜರ್ಮನಿಯ ತಂಡಗಳು, ಒಂದು ನೊಣದ ಕೋಶದಲ್ಲಿ, ಇನ್ನೊಂದು ಮನುಷ್ಯನ ಕೋಶದಲ್ಲಿ, ನಕಲಿಗೆ ಚಾಲನೆ ಕೊಡುವ ಒಂದೇ ಕಿಣ್ವವನ್ನು ಗುರುತಿಸಿದವು. ಅದು ಪಿಎಲ್‌ಕೆ-4. ಅದನ್ನು ತೆಗೆದರೆ ಹೊಸ ಸೆಂಟ್ರಿಯೋಲ್ ಹುಟ್ಟುವುದಿಲ್ಲ. ಹೆಚ್ಚು ಮಾಡಿದರೆ ತಾಯಿಯ ಸುತ್ತ ಹೂವಿನ ಎಸಳಿನಂತೆ ಹಲವು ಮರಿಗಳು ಒಟ್ಟಿಗೆ ಏಳುತ್ತವೆ. ಹಾಗಾದರೆ ಆರೋಗ್ಯವಂತ ಕೋಶದಲ್ಲಿ ಎಸಳು ಒಂದೇ ಇರುವುದಕ್ಕೆ ಕಾರಣ ಪಿಎಲ್‌ಕೆ-4 ಅಲ್ಲಿ ಅತಿ ಕಡಿಮೆ ಇರುವುದು. ಅದನ್ನು ಕಡಿಮೆ ಇಡುವುದು ಯಾರು? ಅದೇ. ಎರಡು ಪಿಎಲ್‌ಕೆ-4 ಅಣುಗಳು ಜೊತೆಯಾದಾಗ ಒಂದರ ಮೇಲೊಂದು ಫಾಸ್ಫೇಟಿನ ಗುರುತು ಹಾಕುತ್ತವೆ. ಆ ಗುರುತು ಕಂಡ ಕೂಡಲೇ ಕೋಶದ ಕಸ ತೆಗೆಯುವ ವ್ಯವಸ್ಥೆ ಅವನ್ನು ಹಿಡಿದು ಅರೆದುಹಾಕುತ್ತದೆ. ಗುರುತು ಬೀಳುವ ಜಾಗವನ್ನು ಬದಲಿಸಿದರೆ ಕಿಣ್ವ ಅಳಿಯದೆ ಉಳಿಯುತ್ತದೆ, ಸೆಂಟ್ರಿಯೋಲ್‌ಗಳು ಹೆಚ್ಚುತ್ತವೆ.

ಮಾಡುವುದೇಕೆ, ಮಾಡಿದ್ದನ್ನು ಕೂಡಲೇ ಅಳಿಸುವುದೇಕೆ, ಇದು ದಂಡವಲ್ಲವೇ ಎಂದು ಕೇಳಬಹುದು. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಆದಿಲಶಾಹಿ ಕಾಲದ ದೊಡ್ಡ ಕೆರೆ ಇದೆ. ಯಾವ ಕೆರೆಯನ್ನೇ ನೋಡಲಿ, ಅದಕ್ಕೊಂದು ಕೋಡಿ ಇರುತ್ತದೆ. ಮಳೆ ಹದವಾಗಿ ಬರಲಿ, ಒಂದೇ ರಾತ್ರಿ ಧೋ ಎಂದು ಸುರಿಯಲಿ, ಕೋಡಿಯ ಮಟ್ಟ ದಾಟಿದ ನೀರು ಹರಿದುಹೋಗುತ್ತದೆ, ಏರಿಯ ಮೇಲೆ ಹೊರೆ ಬೀಳುವುದಿಲ್ಲ. ಎಷ್ಟು ಮಳೆ ಬಿತ್ತೆಂದು ಕೆರೆ ಎಣಿಸಬೇಕಿಲ್ಲ. ಪಿಎಲ್‌ಕೆ-4 ಕೂಡ ತನ್ನ ಕೋಡಿಯನ್ನು ತನ್ನ ಜೊತೆಗೇ ಹೊತ್ತು ತಿರುಗುತ್ತದೆ. ಅಣುಗಳು ಹೆಚ್ಚಾದಷ್ಟೂ ಜೊತೆಯಾಗುವ ಸಂಭವ ಹೆಚ್ಚು, ಜೊತೆಯಾದಷ್ಟೂ ಅಳಿವು ಬೇಗ. ಒಂದು ದಿನ ಕೋಶ ತುಸು ಹೆಚ್ಚು ತಯಾರಿಸಿದರೂ ಮಟ್ಟ ತಾನಾಗಿ ಇಳಿಯುತ್ತದೆ. ಅಳಿಯದ ಕಿಣ್ವವಾಗಿದ್ದರೆ ದಿನದಿನದ ಚೂರುಪಾರು ಹೆಚ್ಚುವರಿಯೆಲ್ಲ ಕೂಡುತ್ತ ಹೋಗಿ ಒಂದು ದಿನ ಲೆಕ್ಕ ತಪ್ಪುತ್ತಿತ್ತು.

ಸೂಕ್ಷ್ಮದರ್ಶಕದಲ್ಲಿ ಇದನ್ನು ಹಂತಹಂತವಾಗಿ ನೋಡಬಹುದು. ಪಿಎಲ್‌ಕೆ-4ಗೆ ಹೊಳೆಯುವ ಬಣ್ಣದ ಗುರುತು ಹಚ್ಚಿದರೆ, ನಕಲಿಗೆ ಮೊದಲು ಅದು ತಾಯಿ ಸೆಂಟ್ರಿಯೋಲಿನ ಸುತ್ತ ಉಂಗುರದಂತೆ ಕಾಣುತ್ತದೆ. ಎಲ್ಲ ಕಡೆಗೂ ಸಮನಾದ ಬೆಳಕು. ಡಿಎನ್‌ಎ ನಕಲು ಶುರುವಾಗುವ ಹೊತ್ತಿಗೆ ಸ್ಟಿಲ್ ಎಂಬ ಇನ್ನೊಂದು ಪ್ರೋಟೀನು ಬಂದು ಸೇರುತ್ತದೆ, ಆಗ ಉಂಗುರ ಮಾಸುತ್ತ ಹೋಗಿ ಒಂದೇ ಚುಕ್ಕೆ ಉಳಿಯುತ್ತದೆ. ಮರಿ ಹುಟ್ಟುವುದು ಆ ಚುಕ್ಕೆಯಲ್ಲಿ. ಸ್ಟಿಲ್ ಮೊದಲು ಎಲ್ಲಿ ಬಲವಾಗಿ ಹಿಡಿದುಕೊಂಡಿತೋ ಅಲ್ಲಿನ ಪಿಎಲ್‌ಕೆ-4 ಚುರುಕಾಗುತ್ತದೆ ಮತ್ತು ಅಳಿವಿನಿಂದ ತಪ್ಪಿಸಿಕೊಳ್ಳುತ್ತದೆ, ಉಳಿದ ಸುತ್ತಿನಲ್ಲಿದ್ದದ್ದು ಅಳಿದುಹೋಗುತ್ತದೆ ಎಂಬುದು ಇಂದಿನ ವಿವರಣೆ. ಚುರುಕಾದ ಕಿಣ್ವ ಸ್ಟಿಲ್ ಮೇಲೆ ಗುರುತು ಹಾಕುತ್ತದೆ, ಗುರುತುಬಿದ್ದ ಸ್ಟಿಲ್ ಸ್ಯಾಸ್-6ನ್ನು ಕರೆತರುತ್ತದೆ, ಒಂಬತ್ತು ಕಡ್ಡಿಯ ಗಾಲಿ ಏಳುತ್ತದೆ. ಇಡೀ ಉಂಗುರದಲ್ಲಿ ಒಂದನ್ನು ಆರಿಸಿದ್ದು ಉಳಿದ ಕಡೆ ನಡೆದ ಅಳಿಸುವಿಕೆಯೇ.

ಬೆಂಗಳೂರಿನ ಸಾಕ್ಷ್ಯ ಇಲ್ಲಿ ಬಂದು ಕೂಡುತ್ತದೆ. ಕೆಲವು ಮಕ್ಕಳು ಹುಟ್ಟುವಾಗಲೇ ತಲೆ ತೀರ ಚಿಕ್ಕದಾಗಿರುತ್ತದೆ, ಮೆದುಳಿನ ರಚನೆ ಬಹುಮಟ್ಟಿಗೆ ಸರಿಯಿದ್ದರೂ ಗಾತ್ರ ಚಿಕ್ಕದು, ಬುದ್ಧಿಯ ಬೆಳವಣಿಗೆ ಹಿಂದೆ ಬೀಳುತ್ತದೆ. ವೈದ್ಯರು ಇದನ್ನು ಪ್ರಾಥಮಿಕ ಮೈಕ್ರೋಸೆಫಲಿ ಎನ್ನುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್, ನಿಮ್ಹಾನ್ಸ್‌ನ ಸತೀಶ್ ಗಿರಿಮಾಜಿ ಮತ್ತು ಸಂಗಡಿಗರು ಇಂಥ ಮಕ್ಕಳಿರುವ ಕುಟುಂಬಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅದುವರೆಗೆ ಗೊತ್ತಿದ್ದ ಆರು ಜೀನ್ ನೆಲೆಗಳಿಗೆ ಸೇರದ 24 ಕುಟುಂಬಗಳನ್ನು ಪರೀಕ್ಷಿಸಿದಾಗ ಐದು ಕುಟುಂಬಗಳ ದೋಷ ಒಂದನೆಯ ವರ್ಣತಂತುವಿನ ಒಂದು ಹೊಸ ನೆಲೆಯನ್ನು ತೋರಿಸಿತು. ಐದರಲ್ಲಿ ಮೂರು ಕುಟುಂಬಗಳಲ್ಲಿ ಸ್ಟಿಲ್ ಜೀನಿನ ಮೂರು ಬೇರೆಬೇರೆ ಉತ್ಪರಿವರ್ತನೆಗಳು ಸಿಕ್ಕವು. ಇದು 2009ರಲ್ಲಿ ಪ್ರಕಟವಾಯಿತು. ಸ್ಟಿಲ್ ಎಂಬುದು ಸೆಂಟ್ರಿಯೋಲ್ ನಕಲಿನ ಕೀಲಿಕೈಗಳಲ್ಲೊಂದು ಎಂದು ಜಗತ್ತಿಗೆ ಇನ್ನೂ ಸ್ಪಷ್ಟವಾಗಿರದ ಕಾಲ ಅದು.

ಮೂರೂ ಉತ್ಪರಿವರ್ತನೆಗಳು ಸ್ಟಿಲ್ ಪ್ರೋಟೀನನ್ನು ಪೂರ್ತಿಯಾಗುವ ಮೊದಲೇ ತುಂಡು ಮಾಡುವಂಥವು. ಹಾಗಾಗಿ ಮೊದಲಿಗೆ ತೋಚುವ ವಿವರಣೆ ಸರಳ: ಪ್ರೋಟೀನು ಕೆಟ್ಟಿತು, ಸೆಂಟ್ರಿಯೋಲ್ ಹುಟ್ಟಲಿಲ್ಲ, ಕೋಶಗಳು ಸೀಳಲಿಲ್ಲ, ಮೆದುಳು ಬೆಳೆಯಲಿಲ್ಲ. ಆದರೆ ಎರಡು ಉತ್ಪರಿವರ್ತನೆಗಳನ್ನು ಹತ್ತಿರದಿಂದ ನೋಡಿದರೆ ಈ ವಿವರಣೆ ನಿಲ್ಲುವುದಿಲ್ಲ. 1,280ಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರದಲ್ಲಿ ಒಂದು ತುಂಡಾಗುವುದು 1,239ನೆಯ ಜಾಗದಲ್ಲಿ, ಇನ್ನೊಂದು ಅದಕ್ಕಿಂತ ತುಸು ಮೊದಲು. ಕಳೆದುಹೋದದ್ದು ಬಾಲದ ತುದಿ ಮಾತ್ರ. ಪಿಎಲ್‌ಕೆ-4ನ್ನು ಹಿಡಿಯುವ, ಸ್ಯಾಸ್-6ನ್ನು ಕರೆತರುವ ಭಾಗಗಳೆಲ್ಲ ಹಾಗೇ ಇವೆ. 2014ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅರ್ಕ್ವಿಂಟ್ ಮತ್ತು ನಿಗ್ ಇದೇ ತುಂಡು ಸ್ಟಿಲನ್ನು ಕೋಶಗಳಲ್ಲಿ ಇಟ್ಟು ನೋಡಿದರು. ಸೆಂಟ್ರಿಯೋಲ್‌ಗಳು ಕಡಿಮೆಯಾಗುವ ಬದಲು ಹೆಚ್ಚಾದವು. ಕಳೆದುಹೋದ ಆ ತುದಿಯಲ್ಲಿ ಇದ್ದದ್ದು ಅಳಿವಿನ ಗುರುತು. ಕೋಶ ಸೀಳಿ ಮುಗಿದಾಗ ಸ್ಟಿಲ್ ಅರೆದುಹೋಗಬೇಕು ಎಂದು ಹೇಳುವ ಮೂರಕ್ಷರದ ಸಂಕೇತ ಅಲ್ಲಿತ್ತು. ಸಂಕೇತ ಹೋದದ್ದರಿಂದ ಸ್ಟಿಲ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು, ಹೋಗಬೇಕಾದಾಗ ಹೋಗಲಿಲ್ಲ. ಮಗುವಿನ ಮೆದುಳು ಚಿಕ್ಕದಾದದ್ದು ಒಂದು ಪ್ರೋಟೀನು ಇಲ್ಲದ್ದಕ್ಕಲ್ಲ, ಉಳಿದುಬಿಟ್ಟದ್ದಕ್ಕೆ. ನಾನು ಮಂಡಿಸುತ್ತಿರುವ ವಾದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಗೊತ್ತಿಲ್ಲ.

ಸೆಂಟ್ರಿಯೋಲ್ ಹೆಚ್ಚಾದರೆ ಮೆದುಳು ದೊಡ್ಡದಾಗಬೇಕಲ್ಲ, ಚಿಕ್ಕದಾಗುವುದು ಹೇಗೆ ಎಂಬ ಸಂದೇಹ ನ್ಯಾಯವಾದದ್ದೇ. ಇದಕ್ಕೆ ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯ ರೆನಾಟಾ ಬಾಸ್ಟೋ ತಂಡ 2013ರಲ್ಲಿ ಉತ್ತರ ಕೊಟ್ಟಿತು. ಇಲಿಮರಿಗಳ ಬೆಳೆಯುವ ಮೆದುಳಿನಲ್ಲಿ ಪಿಎಲ್‌ಕೆ-4 ಹೆಚ್ಚಿಸಿದಾಗ ಧ್ರುವಗಳು ಹೆಚ್ಚಿ ಸೀಳುವಿಕೆ ತಡವಾಯಿತು, ವರ್ಣತಂತುಗಳು ತಪ್ಪಾಗಿ ಹಂಚಿಹೋದವು, ಹಾಗೆ ಕೆಟ್ಟ ಮೂಲಕೋಶಗಳು ಸತ್ತವು. ಮೆದುಳು ಚಿಕ್ಕದಾಯಿತು. ಸೆಂಟ್ರಿಯೋಲ್ ಇಲ್ಲದಂತೆ ಮಾಡಿದ ಇಲಿಗಳಲ್ಲೂ ಮೆದುಳು ಚಿಕ್ಕದಾಗುತ್ತದೆ. ಲೆಕ್ಕ ಯಾವ ಕಡೆ ತಪ್ಪಿದರೂ ಮೊದಲು ಏಟು ತಿನ್ನುವುದು ಮೆದುಳು. ಗರ್ಭದಲ್ಲಿ ಕೆಲವೇ ವಾರಗಳಲ್ಲಿ ಅಷ್ಟೊಂದು ಕೋಶಗಳು ಹುಟ್ಟಬೇಕಾದ ಅಂಗ ಅದು. ಮೂಲಕೋಶಗಳ ದಂಡಿನಲ್ಲಿ ಆರಂಭದಲ್ಲಿ ಆದ ನಷ್ಟವನ್ನು ಮುಂದೆ ತುಂಬಿಕೊಳ್ಳಲು ಅದಕ್ಕೆ ಸಮಯವಿಲ್ಲ.

ಇನ್ನು ದ್ರಾಕ್ಷಿಬಳ್ಳಿಯ ಪ್ರಶ್ನೆಗೆ ಬರೋಣ, ಏಕೆಂದರೆ ನನ್ನ ವಾದಕ್ಕೆ ಗಟ್ಟಿ ಆಕ್ಷೇಪ ಅಲ್ಲಿಂದಲೇ ಏಳುತ್ತದೆ. ತಿಕೋಟಾದ ಬಳ್ಳಿ ಸೆಂಟ್ರಿಯೋಲ್ ಇಲ್ಲದೆಯೂ ಗೊಂಚಲುಗಟ್ಟಲೆ ಹಣ್ಣು ಬಿಡುತ್ತಿದ್ದರೆ, ಅದರ ಕೋಶಗಳು ಕದಿರಿನ ಎಳೆಗಳನ್ನು ಬೇರೆ ದಾರಿಯಿಂದ ಕಟ್ಟಿಕೊಳ್ಳುತ್ತಿದ್ದರೆ, ಪ್ರಾಣಿಗಳಿಗೆ ಇದರ ಲೆಕ್ಕ ಅಷ್ಟು ಮುಖ್ಯ ಹೇಗಾಯಿತು? ಆಕ್ಷೇಪಕ್ಕೆ ಪ್ರಾಣಿಗಳಿಂದಲೂ ಬೆಂಬಲ ಸಿಗುತ್ತದೆ. 2006ರಲ್ಲಿ ಸೆಂಟ್ರಿಯೋಲ್ ಕಟ್ಟಲಾರದ ಹಣ್ಣುನೊಣಗಳನ್ನು ಬೆಳೆಸಿದಾಗ ಅವು ಮರಿಯಿಂದ ನೊಣವಾಗುವವರೆಗೂ ಬಂದವು. ಕೋಶಗಳು ಸೀಳಿದವು, ರೆಕ್ಕೆ ಕಾಲು ಮೂಡಿದವು. ಆದರೆ ಗೂಡಿನಿಂದ ಹೊರಬಂದ ನೊಣಗಳಿಗೆ ತಮ್ಮ ಕೈಕಾಲಿನ ಮೇಲೆ ಹಿಡಿತವಿರಲಿಲ್ಲ, ಬೇಗನೆ ಸತ್ತವು. ಸ್ಪರ್ಶ ತಿಳಿಸುವ ನರಕೋಶಗಳಿಗೆ ಬೇಕಾದ ಲೋಮಾಂಗ ಅವಕ್ಕೆ ಇರಲಿಲ್ಲ. ಇದರಿಂದ ನಾನು ಒಪ್ಪಬೇಕಾದದ್ದು ಒಂದಿದೆ: ಕದಿರು ಕಟ್ಟಲು ಸೆಂಟ್ರಿಯೋಲ್ ಅನಿವಾರ್ಯವಲ್ಲ. ಲೋಮಾಂಗಕ್ಕೆ ಮಾತ್ರ ಅದು ಅನಿವಾರ್ಯ. ಲೋಮಾಂಗವಾಗಲಿ ಈಜುವ ವೀರ್ಯಾಣುವಾಗಲಿ ಇಲ್ಲದ ಹೂಬಿಡುವ ಗಿಡಗಳು ಅದನ್ನು ಕೈಬಿಟ್ಟವು. ಈಜುವ ವೀರ್ಯಾಣು ಇರುವ ಜರೀಗಿಡಗಳು ಇಂದಿಗೂ ಅದನ್ನು ಕಟ್ಟಿಕೊಳ್ಳುತ್ತವೆ. ಆದರೆ ಒಮ್ಮೆ ಸೆಂಟ್ರಿಯೋಲ್ ಇದ್ದ ಮೇಲೆ, ಅದು ಎಷ್ಟಿದೆಯೋ ಅಷ್ಟು ಧ್ರುವಗಳನ್ನು ಹುಟ್ಟಿಸಲು ನೋಡುತ್ತದೆ. ಇಲ್ಲದಿರುವುದನ್ನು ತಾಳಿಕೊಳ್ಳಬಹುದಾದ ಕೋಶಕ್ಕೂ ಹೆಚ್ಚಾಗಿರುವುದು ಅಪಾಯ. ಹಾಗಾಗಿ ಬಳ್ಳಿಯ ನಿದರ್ಶನ ಲೆಕ್ಕದ ಮಹತ್ವವನ್ನು ಕಡಿಮೆ ಮಾಡುವುದಿಲ್ಲ. ಬಳ್ಳಿಗೆ ಲೆಕ್ಕ ಇಡುವ ಹಂಗಿಲ್ಲ, ಆಡಿಗೆ ಇದೆ.

ನಮ್ಮ ಶ್ವಾಸನಾಳದ ಒಳಪದರದ ಕೋಶಗಳನ್ನು ತೋರಿಸಿಯೂ ಆಕ್ಷೇಪಿಸಬಹುದು. ವಿಜಯಪುರದ ಬೇಸಿಗೆಯ ದೂಳು ಮೂಗಿನಿಂದ ಒಳಹೊಕ್ಕಾಗ ಅದನ್ನು ಕಫದೊಡನೆ ಮೇಲಕ್ಕೆ ತಳ್ಳುವ ಈ ಕೋಶಗಳಲ್ಲಿ ಒಂದೊಂದರ ಮೇಲೂ ನೂರರ ಲೆಕ್ಕದಲ್ಲಿ ಲೋಮಾಂಗಗಳಿವೆ, ಅಷ್ಟೇ ಸೆಂಟ್ರಿಯೋಲ್‌ಗಳಿವೆ. ಒಂದರ ಮಗ್ಗುಲಲ್ಲಿ ಒಂದೇ ಎಂಬ ನಿಯಮ ಅಲ್ಲಿ ಎಲ್ಲಿ ಹೋಯಿತು? ಆ ಕೋಶಗಳು ಮತ್ತೆಂದೂ ಸೀಳುವುದಿಲ್ಲ. ಸೀಳುವ ಕೆಲಸ ಮುಗಿಸಿದ ಮೇಲೆಯೇ ಅವು ನಿಯಮವನ್ನು ಸಡಿಲಿಸುತ್ತವೆ, ತಾಯಿ ಸೆಂಟ್ರಿಯೋಲಿನ ಜೊತೆಗೆ ಬೇರೆಯದೇ ಒಂದು ಪ್ರೋಟೀನು ಉಂಡೆಯ ಮೇಲೂ ಮರಿಗಳನ್ನು ಎಬ್ಬಿಸುತ್ತವೆ. ಸೀಳುವ ಕೋಶದಲ್ಲಿ ಹಾಗಾದರೆ ಏನಾಗುತ್ತದೆಂಬುದಕ್ಕೆ 2017ರ ಇಲಿಗಳ ಪ್ರಯೋಗ ಸಾಕ್ಷಿ. ಗಡ್ಡೆಗಳಲ್ಲಿ ಸೆಂಟ್ರಿಯೋಲ್ ಹೆಚ್ಚಿರುವುದು ಬೊವೇರಿಯ ಕಾಲದಿಂದಲೂ ಚರ್ಚೆಯಲ್ಲಿತ್ತು. ಅದು ಕಾರಣವೋ ಪರಿಣಾಮವೋ ಎಂಬುದು ಇತ್ಯರ್ಥವಾಗಿರಲಿಲ್ಲ. ಪಿಎಲ್‌ಕೆ-4ನ್ನು ತುಸುವೇ ಹೆಚ್ಚಿಸಿ ಇಲಿಗಳನ್ನು ಬಿಟ್ಟಾಗ ಬೇರೆ ಯಾವ ಪ್ರಚೋದನೆಯೂ ಇಲ್ಲದೆ ಅವುಗಳಲ್ಲಿ ಗಡ್ಡೆಗಳು ಹುಟ್ಟಿದವು. ಎಲ್ಲ ಕ್ಯಾನ್ಸರಿಗೂ ಇದೇ ಮೂಲವೆಂದು ಇದರಿಂದ ಹೇಳಲಾಗದು, ಆದರೆ ಕಾರಣವಾಗಬಲ್ಲದು ಎಂಬಷ್ಟು ಸಿದ್ಧವಾಯಿತು.

ಈ ಜ್ಞಾನ ವಿಜಯಪುರ ಜಿಲ್ಲೆಯ ಮನೆಗಳಿಗೆ ತಲುಪಬೇಕಾದ ಕಾರಣ ಒಂದಿದೆ. ಸ್ಟಿಲ್‌ನಂಥ ಜೀನಿನ ದೋಷ ಕಾಣಿಸಿಕೊಳ್ಳುವುದು ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ, ಎರಡೂ ಕೆಟ್ಟಾಗ. ಒಂದೇ ಕೆಟ್ಟ ಪ್ರತಿ ಇರುವವರು ಆರೋಗ್ಯವಾಗಿಯೇ ಇರುತ್ತಾರೆ, ಅವರಿಗೆ ಅದು ಗೊತ್ತೂ ಇರುವುದಿಲ್ಲ. ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ವರನ ತಂದೆತಾಯಿಯೇ ವಧುವಿನ ಅಜ್ಜ-ಅಜ್ಜಿ. ಅವರಲ್ಲೊಬ್ಬರ ಕೆಟ್ಟ ಪ್ರತಿ ಎರಡು ದಾರಿಯಲ್ಲಿ ಇಳಿದು ಒಂದೇ ಮಗುವಿನಲ್ಲಿ ಸೇರಬಹುದು. 1980ರ ದಶಕದಲ್ಲಿ ಅಪ್ಪಾಜಿ ರಾವ್, ಅಲನ್ ಬಿಟಲ್ಸ್ ಮೊದಲಾದವರು ಕರ್ನಾಟಕದ ಲಕ್ಷಕ್ಕೂ ಹೆಚ್ಚು ಮದುವೆಗಳ ಮಾಹಿತಿ ಕಲೆಹಾಕಿದಾಗ ನೂರಕ್ಕೆ ಸುಮಾರು 31 ರಕ್ತಸಂಬಂಧದಲ್ಲಿ ಆದವು. ಇಂಥ ಮದುವೆಗಳಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳು ಆರೋಗ್ಯವಂತರೇ, ಇದನ್ನು ಮರೆಯಬಾರದು. ಆದರೆ ಗಂಡಹೆಂಡತಿ ಇಬ್ಬರಲ್ಲೂ ಅದೇ ಜೀನಿನ ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆ. ಒಂದು ಮಗು ಹಾಗೆ ಹುಟ್ಟಿದ ಮನೆಯಲ್ಲಿ ಜೀನ್ ಪರೀಕ್ಷೆ ಮಾಡಿಸಿದರೆ ಮುಂದಿನ ಬಸಿರಿನ ಬಗ್ಗೆ ವೈದ್ಯರೊಡನೆ ತಿಳಿದು ಮಾತಾಡಬಹುದು. ಈಗ ಇಂಥ ಜೀನ್‌ಗಳು 25ಕ್ಕೂ ಹೆಚ್ಚು ಗೊತ್ತಾಗಿವೆ.

ಮಗುವಿನ ತಲೆ ಚಿಕ್ಕದಾದರೆ ಬಸಿರಿನಲ್ಲಿ ತಾಯಿ ಗ್ರಹಣ ನೋಡಿದಳು, ಏನೋ ತಿಂದಳು ಎನ್ನುವವರು ಇನ್ನೂ ಇದ್ದಾರೆ. ಈ ರೋಗದಲ್ಲಿ ಆ ಮಾತಿಗೆ ಯಾವ ಆಧಾರವೂ ಇಲ್ಲ. ಕೆಟ್ಟ ಪ್ರತಿ ಇಬ್ಬರಿಂದಲೂ ಬಂದಿರಲೇಬೇಕು. ಸೆಂಟ್ರಿಯೋಲಿನ ಮಟ್ಟಿಗಂತೂ ಹೆಣ್ಣಿನ ಅಂಡ ಅಂಡಾಶಯದಲ್ಲಿ ಬಲಿಯುವಾಗಲೇ ತನ್ನವನ್ನು ಕಳೆದುಕೊಂಡಿರುತ್ತದೆ. ಮನುಷ್ಯರಲ್ಲಿ, ಕುರಿ ದನಗಳಲ್ಲಿ, ಆ ಮೊದಲ ಕೋಶಕ್ಕೆ ಸೆಂಟ್ರಿಯೋಲನ್ನು ಹೊತ್ತು ತರುವುದು ವೀರ್ಯಾಣು. ತಂದೆಯಿಂದ ಬಂದ ಅದರ ಮಗ್ಗುಲಲ್ಲೇ ಮಗುವಿನ ಮೊದಲ ಮರಿ ಸೆಂಟ್ರಿಯೋಲ್ ಏಳುತ್ತದೆ.